ಓದುಗರ ಪ್ರಶ್ನೆ, ನಮ್ಮ ಉತ್ತರ: ಸರ್ಪೆನ್ಸ್ ಹಡಗಿನ ಇಪ್ಪತ್ತು ತಿಂಗಳು

ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ ಒಬ್ಬರು, ಅಮೆರಿಕದ ಕೋಸ್ಟ್ ಗಾರ್ಡ್ ಒಂದೇ ಘಟನೆಯಲ್ಲಿ ಅತಿ ಹೆಚ್ಚು ಜನರನ್ನು ಕಳೆದುಕೊಂಡಿದ್ದು ಯಾವಾಗ ಅಂತ ಕೇಳಿದ್ದರು. "1945ರ ಜನವರಿ 29, ಗ್ವಾಡಲ್‌ಕನಾಲ್ ದ್ವೀಪ, ಸರ್ಪೆನ್ಸ್ ಎಂಬ ಸರಕು ಹಡಗು" ಅಂತ ಒಂದೇ ಸಾಲಿನಲ್ಲಿ ಉತ್ತರ ಕೊಟ್ಟು ಮುಂದೆ ಹೋಗಿದ್ದೆ. ಆಮೇಲೆ ಬಂದ ಪತ್ರಗಳನ್ನು ನೋಡಿದರೆ ಆ ಒಂದು ಸಾಲು ಯಾರಿಗೂ ಸಾಕಾಗಿಲ್ಲ. ನನಗೂ ಸಾಕಾಗಿರಲಿಲ್ಲ, ನಿಜ ಹೇಳಬೇಕೆಂದರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಹಡಗಿಗೇ.

ಕಾರವಾರದ ಓದುಗರು: ಸರ್, ನಮ್ಮ ಊರಿನ ಪಕ್ಕದಲ್ಲೇ ನೌಕಾನೆಲೆ ಇದೆ. ಯುದ್ಧನೌಕೆ ಅಂದರೆ ಏನು ಅಂತ ಗೊತ್ತು. ಆದರೆ ಸರಕು ಹಡಗನ್ನು ನೌಕಾಪಡೆ ಯಾಕೆ ಇಟ್ಟುಕೊಳ್ಳಬೇಕು? ವ್ಯಾಪಾರಿ ಹಡಗುಗಳು ಸಿಗೋದಿಲ್ವಾ? ಅದರಲ್ಲಿ ಕೋಸ್ಟ್ ಗಾರ್ಡ್‌ನವರು ಹೇಗೆ ಬಂದರು?

ಸಿಗುತ್ತವೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸರಕಿನ ಬಹುಪಾಲು ಹೋಗಿದ್ದು ವ್ಯಾಪಾರಿ ಹಡಗುಗಳಲ್ಲೇ. ಆದರೆ ದಕ್ಷಿಣ ಪೆಸಿಫಿಕ್‌ನ ದ್ವೀಪಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ನಿಮ್ಮಲ್ಲಿರುವ ಹಾಗೆ ಧಕ್ಕೆ ಇಲ್ಲ, ಕ್ರೇನ್ ಇಲ್ಲ, ಗೋದಾಮು ಇಲ್ಲ. ತೆಂಗಿನ ಮರ, ಮರಳು, ಆಚೆ ಕಾಡು, ಅಷ್ಟೇ. ಹಡಗು ದಡದಿಂದ ದೂರ ಲಂಗರು ಹಾಕಬೇಕು. ಒಳಗಿನ ಸರಕನ್ನು ಹಡಗಿನದೇ ಎತ್ತುಗಂಬದಿಂದ ಎತ್ತಿ, ಅಲೆಗೆ ಕುಣಿಯುತ್ತಿರುವ ಚಪ್ಪಟೆ ದೋಣಿಗೆ ಇಳಿಸಿ, ಆ ದೋಣಿಯನ್ನು ಮರಳಿನವರೆಗೆ ಓಡಿಸಿ ಖಾಲಿ ಮಾಡಿ ಮತ್ತೆ ವಾಪಸ್ ತರಬೇಕು. ಮೇಲೆ ಶತ್ರು ವಿಮಾನ ಬಂದರೆ ಅದನ್ನೂ ಎದುರಿಸಬೇಕು. ಇದಕ್ಕೆಲ್ಲ ಜಾಸ್ತಿ ಜನ ಬೇಕು, ಹೇಳಿದ ಕೂಡಲೇ ಹೇಳಿದ ಕಡೆ ಹೋಗುವ ಹಡಗು ಬೇಕು. ವ್ಯಾಪಾರಿ ಹಡಗಿನಲ್ಲಿ ನಾವಿಕರು ನಲವತ್ತರ ಆಸುಪಾಸು ಇರುತ್ತಿದ್ದರು. ಅದೇ ಅಳತೆಯ ಸರ್ಪೆನ್ಸ್‌ನಲ್ಲಿ ಇದ್ದವರು ಸುಮಾರು ಇನ್ನೂರು ಮಂದಿ. ಜೊತೆಗೆ 5 ಇಂಚಿನ ಒಂದು ತೋಪು, ವಿಮಾನಗಳಿಗೆ ಗುರಿ ಇಡುವ ಸಣ್ಣ ತೋಪುಗಳು. ನೌಕಾಪಡೆ ಇಂಥ ಹಡಗುಗಳಿಗೆ ಎ.ಕೆ. ಎಂಬ ಅಕ್ಷರ ಕೊಟ್ಟು ಸಂಖ್ಯೆ ಹಾಕುತ್ತಿತ್ತು. ಇದು ಎ.ಕೆ. 97.

ಕೋಸ್ಟ್ ಗಾರ್ಡ್ ವಿಷಯ ಸರಳ. ಶಾಂತಿಕಾಲದಲ್ಲಿ ಅದು ಅಲ್ಲಿನ ಖಜಾನೆ ಇಲಾಖೆಯ ಕೈಕೆಳಗಿತ್ತು. 1941ರ ನವೆಂಬರ್ 1ರಂದು ಅಧ್ಯಕ್ಷ ರೂಸ್‌ವೆಲ್ಟ್ ಅದನ್ನು ನೌಕಾಪಡೆಯ ಅಧೀನಕ್ಕೆ ತಂದರು. ಸಣ್ಣ ದೋಣಿಗಳನ್ನು ಅಲೆ ಒಡೆಯುವ ದಡಕ್ಕೆ ಸರಿಯಾಗಿ ತಗುಲಿಸುವ ಕೈಚಳಕ ಇವರಿಗೆ ಮೊದಲೇ ಇತ್ತು, ಯಾಕೆಂದರೆ ದಡದ ಹತ್ತಿರ ಒಡೆದ ಹಡಗುಗಳಿಂದ ಜನರನ್ನು ಎತ್ತಿ ತರುವುದೇ ತಲೆಮಾರುಗಳಿಂದ ಇವರ ಕೆಲಸವಾಗಿತ್ತು. ಹಾಗಾಗಿ ನೌಕಾಪಡೆಯ ಎಷ್ಟೋ ಹಡಗುಗಳನ್ನು ಇವರೇ ನಡೆಸಿದರು.

ತುಮಕೂರಿನ ವಿದ್ಯಾರ್ಥಿನಿ: ಸರ್ಪೆನ್ಸ್ ಅಂದರೆ ನಮ್ಮ 'ಸರ್ಪ' ಪದವೇನಾ? ಈ ಹಡಗಿಗೆ ಮೊದಲು ಒಬ್ಬ ನ್ಯಾಯಾಧೀಶರ ಹೆಸರಿತ್ತು ಅಂತ ಎಲ್ಲೋ ನೋಡಿದೆ, ಅದು ನಿಜವಾ?

ಎರಡೂ ನಿಜ ಕಣಮ್ಮ. ಲ್ಯಾಟಿನ್‌ನ ಸರ್ಪೆನ್ಸ್, ಸಂಸ್ಕೃತದ ಸರ್ಪ ಎರಡಕ್ಕೂ ಬೇರು ಒಂದೇ. ಈ ಜಾತಿಯ ಹಡಗುಗಳಿಗೆ ನಕ್ಷತ್ರಗಳ, ನಕ್ಷತ್ರಪುಂಜಗಳ ಹೆಸರಿಡುವ ಪದ್ಧತಿ ಇತ್ತು. ಸರ್ಪ ಪುಂಜ ಮಳೆಗಾಲಕ್ಕೆ ಮುಂಚಿನ ರಾತ್ರಿಗಳಲ್ಲಿ ನಮ್ಮಲ್ಲೂ ಕಾಣುತ್ತದೆ. ನಡುವೆ ಸರ್ಪಧರ ಪುಂಜ ನಿಂತಿರುವುದರಿಂದ ತಲೆ ಒಂದು ಕಡೆ, ಬಾಲ ಇನ್ನೊಂದು ಕಡೆ. ಆಕಾಶದಲ್ಲಿ ಹೀಗೆ ಎರಡು ತುಂಡಾಗಿರುವ ಪುಂಜ ಇದೊಂದೇ.

ಹಡಗು ಹುಟ್ಟಿದ್ದು ಲಿಬರ್ಟಿ ಹಡಗಾಗಿ. ಯುದ್ಧಕಾಲದಲ್ಲಿ ಅಮೆರಿಕ ಒಂದೇ ನಕ್ಷೆ ಇಟ್ಟುಕೊಂಡು 2,710 ಲಿಬರ್ಟಿ ಹಡಗು ಕಟ್ಟಿತು. ಭಾಗಗಳನ್ನು ಬೇರೆ ಬೇರೆ ಕಡೆ ಮಾಡಿ ತಂದು, ರಿವೆಟ್ ಬಡಿಯುವ ಬದಲು ಹೆಚ್ಚಾಗಿ ವೆಲ್ಡಿಂಗ್ ಮಾಡಿ ಜೋಡಿಸುತ್ತಿದ್ದರು. ಇದನ್ನು ಲಾಸ್ ಏಂಜಲೀಸ್ ಬಂದರಿನ ವಿಲ್ಮಿಂಗ್ಟನ್‌ನಲ್ಲಿ 1943ರ ಮಾರ್ಚ್ 10ರಂದು ಕಟ್ಟಲು ಶುರು ಮಾಡಿ ಏಪ್ರಿಲ್ 5ಕ್ಕೆ ನೀರಿಗಿಳಿಸಿದರು. ಇಪ್ಪತ್ತಾರು ದಿನ! ಆಗಿನ ಹೆಸರು ಬೆಂಜಮಿನ್ ಎನ್. ಕಾರ್ಡೋಜೊ. ಇವರು 1932ರಿಂದ 1938ರವರೆಗೆ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿದ್ದವರು, ಮುಂದೆ ಕಾನೂನು ಓದಿದರೆ ಇವರ ತೀರ್ಪುಗಳು ನಿನಗೆ ಸಿಕ್ಕೇ ಸಿಗುತ್ತವೆ. ಎರಡೇ ವಾರದಲ್ಲಿ ನೌಕಾಪಡೆ ಹಡಗನ್ನು ತೆಗೆದುಕೊಂಡು ಹೆಸರು ಬದಲಾಯಿಸಿತು. ಮೇ 28ರಂದು ಸ್ಯಾನ್ ಡಿಯಾಗೋದಲ್ಲಿ ಅದು ಸೇವೆಗೆ ಸೇರಿತು.

ಉದ್ದ 441 ಅಡಿ, ಅಗಲ ಸುಮಾರು 57 ಅಡಿ. ಐದು ಹೋಲ್ಡ್, ಅಂದರೆ ಸರಕು ತುಂಬುವ ಐದು ದೊಡ್ಡ ಗುಂಡಿಗಳು. ಹಳೇ ಕಾಲದ ಉಗಿಯಂತ್ರ. ವೇಗ ಸುಮಾರು 11 ನಾಟ್, ಅಂದರೆ ಗಂಟೆಗೆ ಇಪ್ಪತ್ತು ಕಿಲೋಮೀಟರ್. ಸೈಕಲ್ ಸ್ವಲ್ಪ ಜೋರಾಗಿ ತುಳಿದರೆ ಹಿಂದೆ ಹಾಕಬಹುದು.

ಸಾಗರದ ನಿವೃತ್ತ ಶಿಕ್ಷಕರು: ಎಲ್ಲ ಕಡೆ ಆ ಸ್ಫೋಟದ ಬಗ್ಗೆಯೇ ಬರೆಯುತ್ತಾರೆ. ಅದಕ್ಕೆ ಮುಂಚೆ ಆ ಹಡಗು ಏನು ಮಾಡುತ್ತಿತ್ತು? ಅದರ ಸೇವೆಯ ಕಥೆ ಇಲ್ಲವೇ?

ಮೇಷ್ಟ್ರೇ, ಈ ಪ್ರಶ್ನೆಗೋಸ್ಕರವೇ ನಾನು ಪೂರ್ತಿ ಅಂಕಣ ತೆಗೆದಿಟ್ಟಿದ್ದು. ಇಪ್ಪತ್ತು ತಿಂಗಳು ದುಡಿದ ಹಡಗು ಅದು. ಅದನ್ನು ಕೊನೆಯ ಒಂದು ಕ್ಷಣಕ್ಕೆ ಇಳಿಸಿಬಿಟ್ಟರೆ ಅದರಲ್ಲಿದ್ದವರಿಗೆ ಅನ್ಯಾಯ ಅಂತ ನನಗೆ ಅನ್ನಿಸುತ್ತದೆ.

1943ರ ಜೂನ್ 24ರಂದು ಸರ್ಪೆನ್ಸ್ ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ ಸರಕು ತುಂಬಿಕೊಂಡು ಪಶ್ಚಿಮಕ್ಕೆ ಹೊರಟಿತು. ಆಗಿನ ಕಮಾಂಡರ್ ಮ್ಯಾಗ್ನಸ್ ಜಾನ್ಸನ್. ಮುಂದಿನ ತಿಂಗಳುಗಳಲ್ಲಿ ಓಡಾಡಿದ್ದೆಲ್ಲ ನ್ಯೂಜಿಲೆಂಡ್ ಮತ್ತು ದಕ್ಷಿಣ ಪೆಸಿಫಿಕ್‌ನ ದ್ವೀಪಗಳ ನಡುವೆ: ಟೋಂಗಾ, ಫಿಜಿಯ ವಿಟಿ ಲೆವು, ಸಮೋವಾದ ಟುಟುಯಿಲ, ಬೋರಾ ಬೋರಾ. ಈಗ ಇವು ಪ್ರವಾಸಿ ಪೋಸ್ಟರಿನ ಹೆಸರುಗಳು. ಆಗ ಇವೆಲ್ಲ ಅಮೆರಿಕದಿಂದ ಆಸ್ಟ್ರೇಲಿಯಾ ಕಡೆಗಿನ ದಾರಿಯನ್ನು ಕಾಯುವ ಠಾಣೆಗಳು. ಅಲ್ಲಿರುವ ಸೈನಿಕರಿಗೆ ಹಿಟ್ಟು, ಡಬ್ಬಿ ಆಹಾರ, ಬಟ್ಟೆ, ಗುಡಾರ, ಔಷಧ, ಇಂಧನದ ಡ್ರಮ್ಮು ಎಲ್ಲವೂ ಹಡಗಿನಲ್ಲೇ ಬರಬೇಕಿತ್ತು. ಕುಡಿಯುವ ನೀರಿಗೂ ತೊಂದರೆ ಇರುವ ಕಡೆ ಸೈನ್ಯ ಇಳಿಸಿ ಕೂರಿಸಿದರೆ ಅದರ ಹೊಟ್ಟೆ ನೋಡಿಕೊಳ್ಳುವವರು ಯಾರು ಹೇಳಿ? ಇಂಥ ಹಡಗುಗಳೇ.

ಡಿಸೆಂಬರ್ ಹೊತ್ತಿಗೆ ಕೆಲಸ ಸಾಲೊಮನ್ ದ್ವೀಪಗಳ ಕಡೆ ಸರಿಯಿತು. ಫ್ಲೋರಿಡಾ ದ್ವೀಪ, ಬನಿಕಾ, ಗ್ವಾಡಲ್‌ಕನಾಲ್‌ನಿಂದ ಸಾಮಾನು, ವಾಹನಗಳನ್ನು ಬೋಗನ್‌ವಿಲ್‌ಗೆ ಸಾಗಿಸುವುದು. ಬೋಗನ್‌ವಿಲ್‌ನಲ್ಲಿ ನವೆಂಬರ್ 1ರಂದು ಅಮೆರಿಕದ ಪಡೆ ಇಳಿದಿತ್ತು, ಕಾದಾಟ ಇನ್ನೂ ಮುಗಿದಿರಲಿಲ್ಲ. ಅಂದರೆ ಇವರು ಸರಕು ಇಳಿಸುತ್ತಿದ್ದುದು ಗುಂಡಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ.

1944ರ ಫೆಬ್ರವರಿಯಲ್ಲಿ ಎಸ್ಪಿರಿಟು ಸಾಂಟೋದಲ್ಲಿ, ಇಂದಿನ ವನುವಾಟುವಿನಲ್ಲಿ, ಹಡಗಿನ ತಳ ನೋಡಿ ರಿಪೇರಿ ಮಾಡಿಸಿಕೊಂಡು ಮತ್ತೆ ಅದೇ ದ್ವೀಪಗಳ ಮಧ್ಯೆ ಓಡಾಟ. ಜುಲೈನಲ್ಲಿ ಕಮಾಂಡರ್ ಬದಲಾದರು, ಪೆರ್ರಿ ಸ್ಟಿನ್ಸನ್ ಬಂದರು. ನವೆಂಬರ್‌ನಲ್ಲಿ ಕೆಟ್ಟು ನಿಂತ ಸೈನ್ಯದ ವಾಹನಗಳನ್ನು ತುಂಬಿಕೊಂಡು ನ್ಯೂಜಿಲೆಂಡ್‌ಗೆ ಹೋಯಿತು. ಇದು ನನಗೆ ತುಂಬ ಇಷ್ಟವಾದ ವಿವರ. ಯುದ್ಧದಲ್ಲಿ ಜೀಪು, ಲಾರಿ ಕೆಟ್ಟರೆ ಅಲ್ಲೇ ಬಿಸಾಡಿ ಬರುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ರಿಪೇರಿಯಾಗುವ ಪ್ರತಿ ಲಾರಿಯನ್ನೂ ಎತ್ತಿ, ಎರಡು ಸಾವಿರ ಮೈಲಿ ಸಾಗಿಸಿ, ಸರಿ ಮಾಡಿಸಿ ತರುವ ಲೆಕ್ಕಾಚಾರ ಯಾರೋ ಕೂತು ಮಾಡಿದ್ದರು, ಯಾರೋ ಬಿಸಿಲಲ್ಲಿ ನಿಂತು ಅವನ್ನು ಹಗ್ಗ ಕಟ್ಟಿ ಎತ್ತಿದ್ದರು.

ವೆಲಿಂಗ್ಟನ್‌ನಲ್ಲಿ ಆ ವಾಹನಗಳನ್ನು ಇಳಿಸಿದ ಮೇಲೆ ಐದರಲ್ಲಿ ಮೂರು ಹೋಲ್ಡ್‌ಗಳನ್ನು ಮದ್ದುಗುಂಡು ಇಡುವಂತೆ ಮಾರ್ಪಡಿಸಿದರು. ಇಂಥ ಕಡೆ ಸಾಮಾನ್ಯವಾಗಿ ಒಳಗೋಡೆಗೆ ಪೂರ್ತಿ ಮರದ ಹಲಗೆ ಹೊಡೆಯುತ್ತಾರೆ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕಿಡಿ ಹಾರಬಾರದು ಅಂತ. ಡಿಸೆಂಬರ್ ಕೊನೆಯಲ್ಲಿ ವೆಲಿಂಗ್ಟನ್‌ನಲ್ಲಿ ಸರಕು ತುಂಬಲು ಶುರು ಮಾಡಿ, ಆಕ್ಲೆಂಡ್‌ನಲ್ಲಿ ಮುಗಿಸಿ, 1945ರ ಜನವರಿ ಮಧ್ಯದಲ್ಲಿ ಸಾಲೊಮನ್‌ಗೆ ವಾಪಸ್ ಬಂದಿತು. ಅಲ್ಲಿಯವರೆಗೆ ಹಿಟ್ಟು, ಲಾರಿ ಹೊತ್ತ ಹಡಗು ಇನ್ನು ಸ್ಫೋಟಕ ಹೊರಬೇಕಿತ್ತು.

ಹುಬ್ಬಳ್ಳಿಯ ಓದುಗರು: ನಾನು ಮೂವತ್ತು ವರ್ಷ ಗೂಡ್ಸ್ ಶೆಡ್‌ನಲ್ಲಿ ಲೆಕ್ಕ ಬರೆದವನು. ಸಾಮಾನು ಹೊತ್ತವರ ಕೆಲಸ ಕಣ್ಣಾರೆ ಕಂಡವನು. ಆ ರಾತ್ರಿ ಹಡಗಿನ ಮೇಲೆ ಯಾರು ಯಾರು ಇದ್ದರು, ಏನಾಯಿತು ಅಂತ ಸ್ವಲ್ಪ ವಿವರವಾಗಿ ಬರೆಯಿರಿ.

ಸರ್ಪೆನ್ಸ್ ಆ ರಾತ್ರಿ ಗ್ವಾಡಲ್‌ಕನಾಲ್‌ನ ಲುಂಗಾ ದಡದ ಎದುರು ಲಂಗರು ಹಾಕಿತ್ತು. ಎರಡೂವರೆ ವರ್ಷದ ಹಿಂದೆ, 1942ರ ಆಗಸ್ಟ್‌ನಲ್ಲಿ, ಇದೇ ದಡದ ಸುತ್ತಮುತ್ತ ಆರು ತಿಂಗಳ ಘೋರ ಯುದ್ಧ ಶುರುವಾಗಿತ್ತು. ಅಲ್ಲಿನ ಕಡಲಿಗೆ ನಾವಿಕರು 'ಕಬ್ಬಿಣದ ತಳ' ಅಂತಲೇ ಹೆಸರಿಟ್ಟಿದ್ದರು, ಅಷ್ಟೊಂದು ಹಡಗು ಮುಳುಗಿವೆ ಅಲ್ಲಿ. ಆದರೆ 1945ರ ಹೊತ್ತಿಗೆ ಯುದ್ಧ ದೂರದ ಫಿಲಿಪ್ಪೀನ್ಸ್‌ಗೆ ಹೋಗಿತ್ತು. ಗ್ವಾಡಲ್‌ಕನಾಲ್ ಈಗ ಹಿಂದಿನ ಸಾಲಿನ ಗೋದಾಮು.

ಏರಿಸುತ್ತಿದ್ದುದು ಡೆಪ್ತ್ ಚಾರ್ಜ್‌ಗಳನ್ನು. ಜಲಾಂತರ್ಗಾಮಿಯ ಮೇಲೆ ಹಾಕುವ ಬಾಂಬ್ ಇದು, ನೋಡಲು ಎಣ್ಣೆ ಪೀಪಾಯಿ ಇದ್ದ ಹಾಗೆ. ನೀರಿಗೆ ಬಿದ್ದು ನಿಗದಿಪಡಿಸಿದ ಆಳ ಮುಟ್ಟಿದಾಗ ನೀರಿನ ಒತ್ತಡಕ್ಕೆ ಸಿಡಿಯುತ್ತದೆ. ಒಂದೊಂದರಲ್ಲಿ ನೂರು ಕಿಲೋ ಆಚೀಚೆ ಸ್ಫೋಟಕ. ಇವನ್ನು ತಡರಾತ್ರಿಯಲ್ಲಿ ದೀಪದ ಬೆಳಕಿನಲ್ಲಿ ಒಂದೊಂದಾಗಿ ಹೋಲ್ಡಿಗೆ ಇಳಿಸುತ್ತಿದ್ದರು. ಹಡಗಿನ ಸಿಬ್ಬಂದಿ ಜೊತೆಗೆ ಸೈನ್ಯದ ಬಂದರು ತುಕಡಿಯ ಐವತ್ತಕ್ಕೂ ಹೆಚ್ಚು ಜನ ಇದ್ದರು. ನಿಮ್ಮ ಭಾಷೆಯಲ್ಲಿ ಹಮಾಲರು. ಯೂನಿಫಾರ್ಮ್ ಹಾಕಿದ ಹಮಾಲರು. ಸಾರ್ವಜನಿಕ ಆರೋಗ್ಯ ಸೇವೆಯ ಒಬ್ಬ ವೈದ್ಯರೂ ಇದ್ದರು, ಡಾ. ಹ್ಯಾರಿ ಲೆವಿನ್. ಕಮಾಂಡರ್ ಸ್ಟಿನ್ಸನ್ ಮತ್ತು ಇನ್ನೂ ಏಳು ಮಂದಿ ದಡಕ್ಕೆ ಹೋಗಿದ್ದರು.

ಆಗ ಹಡಗು ಸಿಡಿಯಿತು. ಸ್ಟಿನ್ಸನ್ ಕಂಡಿದ್ದು ಎರಡು ಮಿಂಚು. ಆಮೇಲೆ ನೋಡಿದರೆ ಮುಂದಿನ ಮೂತಿ ಮಾತ್ರ ಕಾಣುತ್ತಿತ್ತು, ಉಳಿದ ಹಡಗು ಇರಲೇ ಇಲ್ಲ. ಸ್ವಲ್ಪ ಹೊತ್ತಿಗೆ ಮೂತಿಯೂ ಮುಳುಗಿತು. ದಡದಲ್ಲಿದ್ದ ಒಬ್ಬ ಸೈನಿಕನೂ ಹಾರಿಬಂದ ಚೂರು ತಗುಲಿ ಸತ್ತ.

ಹಡಗಿನಲ್ಲಿದ್ದವರಲ್ಲಿ ಉಳಿದಿದ್ದು ಇಬ್ಬರೇ. ಕೆಲ್ಸಿ ಕೆಂಪ್ ಮತ್ತು ಜಾರ್ಜ್ ಕೆನಡಿ, ಇಬ್ಬರೂ ಸಾಮಾನ್ಯ ನಾವಿಕರು. ಆ ಹೊತ್ತಿಗೆ ಅವರು ಇದ್ದದ್ದು ಮೂತಿಯ ಕಡೆ ಹಗ್ಗ, ಸಲಕರಣೆ ಇಡುವ ಕೋಣೆಯಲ್ಲಿ. ಸ್ಫೋಟಕ ಇದ್ದದ್ದು ಹಿಂದಿನ ಹೋಲ್ಡ್‌ಗಳಲ್ಲಿ. ಮೂತಿ ಒಂದೇ ಏಟಿಗೆ ಚೂರಾಗದೆ ಸ್ವಲ್ಪ ಹೊತ್ತು ನಿಂತಿದ್ದರಿಂದ ಅವರು ಬದುಕಿದರು.

ಸತ್ತವರಲ್ಲಿ ಹೆಚ್ಚಿನವರಿಗೆ ಏನಾಯಿತು ಅಂತ ಗೊತ್ತಾಗುವಷ್ಟೂ ಸಮಯ ಸಿಕ್ಕಿರಲಿಕ್ಕಿಲ್ಲ. ಇದನ್ನು ಬರೆಯುವಾಗ ನನಗೆ ಇರುವ ಸಮಾಧಾನ ಅದೊಂದೇ.

ದಾವಣಗೆರೆಯ ಓದುಗರು: ಜಪಾನಿ ಜಲಾಂತರ್ಗಾಮಿಯ ಕೆಲಸ ಅಂತ ಒಂದು ಕಡೆ ಇದೆ, ಅಪಘಾತ ಅಂತ ಇನ್ನೊಂದು ಕಡೆ. ಯಾವುದು ಸರಿ?

ಮೊದಲು ಎಲ್ಲರ ಮನಸ್ಸಿಗೆ ಬಂದದ್ದು ಶತ್ರುವೇ. ಕೆಲವು ವರ್ಷ ಕಾಗದದಲ್ಲೂ ಹಾಗೇ ಇತ್ತು. ಆದರೆ ವಿಚಾರಣೆ ನಡೆಸಿದ ನ್ಯಾಯಮಂಡಳಿ, ಉಳಿದ ಸಾಕ್ಷ್ಯದಿಂದ ಕಾರಣ ಹೇಳಲು ಆಗುವುದಿಲ್ಲ ಅಂದಿತು. ಆಗುವುದಾದರೂ ಹೇಗೆ? ನೋಡಿದವರು ಇಲ್ಲ, ಹಡಗೂ ಇಲ್ಲ. 1949ರ ಜೂನ್‌ನಲ್ಲಿ ನೌಕಾಪಡೆ, ಇದು ಶತ್ರುವಿನಿಂದ ಆದದ್ದಲ್ಲ, ಸ್ಫೋಟಕ ಏರಿಸುವ ಕೆಲಸದಲ್ಲೇ ಆದ ಅಪಘಾತ ಅಂತ ದಾಖಲಿಸಿತು. ನನ್ನ ಅಭಿಪ್ರಾಯ ಕೇಳಿದರೆ, ಅದನ್ನೇ ಒಪ್ಪುತ್ತೇನೆ. ಯಾಕೆಂದರೆ ಆ ಕಾಲದಲ್ಲಿ ಇದು ಒಂಟಿ ಘಟನೆ ಆಗಿರಲಿಲ್ಲ.

1944ರ ಜುಲೈ 17ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಪೋರ್ಟ್ ಶಿಕಾಗೋದಲ್ಲಿ ಮದ್ದುಗುಂಡು ತುಂಬುತ್ತಿದ್ದ ಹಡಗು ಸಿಡಿದು 320 ಮಂದಿ ಸತ್ತರು. ಅವರಲ್ಲಿ 202 ಜನ ಕಪ್ಪು ಅಮೆರಿಕನ್ನರು. ಸರಿಯಾದ ತರಬೇತಿ ಕೊಡದೆ, ಬೇಗ ಬೇಗ ತುಂಬಿ ಅಂತ ತಂಡಗಳ ನಡುವೆ ಪೈಪೋಟಿ ಹಚ್ಚುತ್ತಿದ್ದರು. ಮತ್ತೆ ಅದೇ ಕೆಲಸಕ್ಕೆ ಕರೆದಾಗ ಉಳಿದವರು ಒಲ್ಲೆ ಅಂದರು. ಐವತ್ತು ಜನರನ್ನು ದಂಗೆಕೋರರು ಅಂತ ಜೈಲಿಗೆ ಹಾಕಿದರು! ನೌಕಾಪಡೆ ಅವರನ್ನು ನಿರ್ದೋಷಿಗಳು ಅಂತ ಘೋಷಿಸಿದ್ದು 2024ರ ಜುಲೈನಲ್ಲಿ. ಎಂಬತ್ತು ವರ್ಷ ಬೇಕಾಯಿತು.

ನವೆಂಬರ್ 10ರಂದು ಮಾನುಸ್ ದ್ವೀಪದ ಸೀಆಡ್ಲರ್ ಬಂದರಿನಲ್ಲಿ ಮೌಂಟ್ ಹುಡ್ ಎಂಬ ಮದ್ದುಗುಂಡಿನ ಹಡಗು ಸಿಡಿಯಿತು. ಅದರಲ್ಲಿದ್ದವರ ಗುರುತೇ ಸಿಗಲಿಲ್ಲ. ಅಲ್ಲೂ ಖಚಿತ ಕಾರಣ ಹೊರಬರಲಿಲ್ಲ. ಅದಾಗಿ ಮೂರು ತಿಂಗಳೊಳಗೆ ಸರ್ಪೆನ್ಸ್. ದಣಿದ ಕೈಗಳು, ರಾತ್ರಿ ಪಾಳಿ, ಸಾವಿರಾರು ಟನ್ ಸ್ಫೋಟಕ, ಬೇಗ ಮುಗಿಸಿ ಅನ್ನುವ ಒತ್ತಡ. ಶತ್ರು ಇಲ್ಲದೆಯೂ ಅನಾಹುತ ಆಗಲು ಇಷ್ಟು ಸಾಕು.

ಮುಂಬೈ ಮಾಟುಂಗಾದ ಓದುಗರು: ನಮ್ಮ ಅಜ್ಜ 1944ರ 'ಡಾಕ್ ಬ್ಲಾಸ್ಟ್' ಬಗ್ಗೆ ಹೇಳುತ್ತಿದ್ದರು. ಅದೂ ಇಂಥದ್ದೇ ಹಡಗಾ?

ಹೌದು, ಅದರ ಹೆಸರು ಫೋರ್ಟ್ ಸ್ಟಿಕೀನ್. ನೌಕಾಪಡೆಯದ್ದಲ್ಲ, ಕೆನಡಾದಲ್ಲಿ ಕಟ್ಟಿದ ಬ್ರಿಟಿಷ್ ಸರಕು ಹಡಗು. ಸುಮಾರು 1,400 ಟನ್ ಸ್ಫೋಟಕ ತುಂಬಿಕೊಂಡು ಬಂದ ಹಡಗಿಗೆ ಕರಾಚಿಯಲ್ಲಿ ಹತ್ತಿಯ ಬೇಲ್‌ಗಳನ್ನೂ ಹೇರಿದರು. ಹತ್ತಿ ಎಷ್ಟು ಬೇಗ ಬೆಂಕಿ ಹಿಡಿಯುತ್ತದೆ ಅಂತ ನಮ್ಮ ಕಡೆಯ ಜಿನ್ನಿಂಗ್ ಮಿಲ್ಲಿನವರನ್ನು ಯಾರನ್ನಾದರೂ ಕೇಳಿ. ಏಪ್ರಿಲ್ 14ರ ಮಧ್ಯಾಹ್ನ ವಿಕ್ಟೋರಿಯಾ ಡಾಕ್‌ನಲ್ಲಿ ಹೊಗೆ ಕಂಡಿತು. ಹಡಗನ್ನು ಅಲ್ಲೇ ಮುಳುಗಿಸುವುದೋ, ಹೊರಗೆ ಎಳೆದುಕೊಂಡು ಹೋಗುವುದೋ ಅಂತ ತೀರ್ಮಾನವಾಗಲಿಲ್ಲ. ನಾಲ್ಕು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಎರಡನೆಯದು. ನೂರಾರು ಜನ ಸತ್ತರು, ಸುತ್ತಲಿನ ಹಡಗುಗಳೂ ಗೋದಾಮುಗಳೂ ಸುಟ್ಟುಹೋದವು. ಹಡಗಿನಲ್ಲಿದ್ದ ಚಿನ್ನದ ಗಟ್ಟಿಗಳು ದೂರ ದೂರ ಹಾರಿ ಬಿದ್ದವು.

ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಅಂದು ಸತ್ತರು. ಪ್ರತಿವರ್ಷ ಏಪ್ರಿಲ್ 14ರಂದು ನಮ್ಮ ರಾಜ್ಯದ ಅಗ್ನಿಶಾಮಕ ಠಾಣೆಗಳಲ್ಲೂ ಗೌರವ ಸಲ್ಲಿಸುತ್ತಾರಲ್ಲ, ಅದು ಇವರ ನೆನಪಿಗೇ. ಅಜ್ಜ ಹೇಳಿದ್ದನ್ನು ನೆನಪಿರುವಷ್ಟೂ ಬರೆದಿಡಿ. ಕಣ್ಣಾರೆ ಕಂಡವರು ಈಗ ಹೆಚ್ಚು ಜನ ಉಳಿದಿಲ್ಲ.

ಮಂಗಳೂರಿನ ಓದುಗರು: ಸತ್ತವರನ್ನು ಎಲ್ಲಿ ಮಣ್ಣು ಮಾಡಿದರು? ಈಗ ನೋಡಲು ಏನಾದರೂ ಉಳಿದಿದೆಯಾ?

ಮೊದಲು ಗ್ವಾಡಲ್‌ಕನಾಲ್‌ನಲ್ಲೇ ಸೈನ್ಯದ ಸ್ಮಶಾನದಲ್ಲಿ ಪ್ರಾರ್ಥನೆ, ಗೌರವ ಎಲ್ಲ ಸಲ್ಲಿಸಿ ಹೂಳಿದ್ದರು. ಯುದ್ಧ ಮುಗಿದ ಮೇಲೆ ವಿದೇಶದಲ್ಲಿ ಹೂಳಿದವರನ್ನು ಊರಿಗೆ ತರುವ ಕೆಲಸ ಶುರುವಾಯಿತು. ಸಾಮಾನ್ಯವಾಗಿ ಮನೆಯವರು ತಮ್ಮೂರಿಗೆ ತರಿಸಿಕೊಳ್ಳಬಹುದಿತ್ತು. ಆದರೆ ಇಲ್ಲಿ ಯಾವುದು ಯಾರದು ಅಂತ ಹೇಳುವಂತಿರಲಿಲ್ಲ. ಹಾಗಾಗಿ ಎಲ್ಲರನ್ನೂ ಒಟ್ಟಿಗೆ ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನಕ್ಕೆ ತಂದರು. 1949ರ ಜೂನ್ 15ರಂದು 52 ಪೆಟ್ಟಿಗೆಗಳನ್ನು 28 ಗುಂಡಿಗಳಲ್ಲಿ ಇಳಿಸಿದರು. 250 ಮಂದಿಗೆ 52 ಪೆಟ್ಟಿಗೆ. ಈ ಲೆಕ್ಕವನ್ನು ಮೊದಲ ಸಲ ಓದಿದಾಗ ನಾನು ಪುಟ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

1950ರ ನವೆಂಬರ್ 16ರಂದು ಅಲ್ಲಿ ಎಂಟು ಮೂಲೆಯ ಕಲ್ಲಿನ ಸ್ಮಾರಕ ನಿಲ್ಲಿಸಿದರು. ಮೇಲೆ ಎಲ್ಲರ ಹೆಸರು ಕೆತ್ತಿದ್ದಾರೆ, ಹಡಗಿನವರದೂ, ಸರಕು ಹೊತ್ತವರದೂ, ವೈದ್ಯರದೂ ಒಂದೇ ಕಡೆ. ಸ್ಮಶಾನದ 34ನೇ ವಿಭಾಗ. ನಿಮ್ಮ ಕಡೆಯ ಎಷ್ಟೋ ಜನರ ಮಕ್ಕಳು ಆ ಊರಲ್ಲಿದ್ದಾರೆ, ನೋಡಲು ಹೋದಾಗ ಅರ್ಧ ದಿನ ತೆಗೆದಿಡಿ.

ಸರ್ಪೆನ್ಸ್‌ನ ಚೂರುಗಳು ಲುಂಗಾ ಎದುರಿನ ಕಡಲಲ್ಲೇ ಉಳಿದವು. ಆದರೆ ಅದರ ಒಡಹುಟ್ಟಿದ ಲಿಬರ್ಟಿ ಹಡಗುಗಳಲ್ಲಿ ಜೆರೆಮಾಯಾ ಓಬ್ರಿಯನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲೂ, ಜಾನ್ ಡಬ್ಲ್ಯೂ. ಬ್ರೌನ್ ಬಾಲ್ಟಿಮೋರ್‌ನಲ್ಲೂ ಇವೆ. ಒಳಗೆ ಬಿಡುತ್ತಾರೆ. ಹೋದರೆ ತೋಪುಗಳ ಹತ್ತಿರ ಫೋಟೋ ತೆಗೆಸಿಕೊಂಡು ವಾಪಸ್ ಬರಬೇಡಿ. ಏಣಿ ಇಳಿದು ಹೋಲ್ಡಿನ ತಳಕ್ಕೆ ಹೋಗಿ, ಅಲ್ಲಿ ನಿಂತು ಮೇಲಿನ ಬಾಯಿಯ ಕಡೆ ನೋಡಿ. ಪೀಪಾಯಿಗಳು ಇಳಿದು ಬರುತ್ತಿದ್ದುದು ಆ ಬಾಯಿಂದಲೇ.